ಎಂಜಿನ್ ಓಡುವಾಗ ಮಾತು ಬೇಡ

ನಮ್ಮ ದೊಡ್ಡಬಳ್ಳಾಪುರದಲ್ಲಿ ಹಳೇ ಗಾಡಿ ಇಟ್ಟುಕೊಂಡ ಯಾರನ್ನೇ ನಿಲ್ಲಿಸಿ ನನ್ನ ಪಕ್ಕದ ಗ್ಯಾರೇಜಿನವನ ವಿಷಯ ಎತ್ತಿ ನೋಡಿ, ಮೊದಲು ಬರುವುದು ಕಿವಿಯ ಮಾತು. "ಅದೇನ್ ಕಿವಿ ಗುರು! ಬಾನೆಟ್ ಎತ್ತೋಕ್ ಮುಂಚೇನೇ ಹೇಳ್ಬಿಡೋನು, ಮೂರನೇ ಪ್ಲಗ್ ಕೆಲ್ಸ ಮಾಡ್ತಿಲ್ಲ ಅಂತ." ಆಮೇಲೆ ಅತ್ತಿತ್ತ ನೋಡಿ ಎರಡನೆಯ ಮಾತು ತೆಗೆಯುತ್ತಾರೆ. "ಆದ್ರೂ ಕೊನೇಲಿ ಹಂಗ್ ಮಾಡ್ಬಾರ್ದಿತ್ತು ಬಿಡಿ." ಹೀಗೆ ಅಂದವರ ಮೇಲೆಲ್ಲ ನಾನು ರೇಗಿದ್ದೇನೆ. ಯಾಕಪ್ಪಾ ರೇಗ್ತೀಯ ಎಂದು ಕೇಳಿದರೆ ಮಾತು ಬದಲಾಯಿಸಿದ್ದೇನೆ.

ಆ ಕಿವಿ ಕೇಳಿಸುತ್ತಿರಲಿಲ್ಲ. ಪೂರ್ತಿ ಕಿವುಡನಲ್ಲ. ಲಾರಿ ಹೋದರೆ ಗೊತ್ತಾಗುತ್ತಿತ್ತು, ಗುಡುಗು ಗೊತ್ತಾಗುತ್ತಿತ್ತು. ಆದರೆ ಸಣ್ಣ ಸದ್ದು, ತೆಳುವಾದ ಸದ್ದು, ಸ್ಪ್ಯಾನರ್ ನೆಲಕ್ಕೆ ಬಿದ್ದು ಠಣ್ ಎನ್ನುವ ಸದ್ದು, ಹೆಂಗಸರ ಮಾತು, ಇವು ಅವನನ್ನು ತಲುಪುತ್ತಿರಲಿಲ್ಲ. ಇದು ಗೊತ್ತಿದ್ದವರು ಇಬ್ಬರೇ: ಅವನ ಹೆಂಡತಿ ಮತ್ತು ನಾನು. ನಾನು ಲೇತ್ ಇಟ್ಟುಕೊಂಡು ಕಬ್ಬಿಣ ಕಡೆಯುವವನು. ಅವನ ಗ್ಯಾರೇಜಿಗೂ ನನ್ನ ಷೆಡ್ಡಿಗೂ ನಡುವೆ ಒಂದೇ ಗೋಡೆ. ಅವನು ಸತ್ತು ವರ್ಷ ತುಂಬುತ್ತಾ ಬಂತು, ಇನ್ನು ತಡೆಯಲಾಗದೆ ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಬೀದಿ, ಕಾರಿನ ಬಣ್ಣ ಎರಡನ್ನೂ ಬದಲಾಯಿಸಿದ್ದೇನೆ. ದಯವಿಟ್ಟು ಯಾರೆಂದು ಹುಡುಕಲು ಹೋಗಬೇಡಿ. ಆ ಹೆಂಗಸಿಗೆ ಗೊತ್ತಾದರೆ ನನ್ನ ಮುಖ ನೋಡುವುದಿಲ್ಲ.

ಅವನ ಅಪ್ಪ ಘಾಟಿ ಕಡೆಯ ಒಕ್ಕಲು ಮನೆಯವರು. ಅಣ್ಣತಮ್ಮಂದಿರ ಜೊತೆ ಆಗದೆ ಊರಿಗೆ ಬಂದು ಯಾರದೋ ಪವರ್‌ಲೂಮ್ ಷೆಡ್ಡಿನಲ್ಲಿ ಕೆಲಸಕ್ಕೆ ನಿಂತರು, ತಾಯಿಯೂ ಅಲ್ಲೇ ನೂಲು ಸುತ್ತುತ್ತಿದ್ದರು. ಇವನು ಅಂಬೆಗಾಲಿಟ್ಟಿದ್ದು, ಅನ್ನ ಉಂಡಿದ್ದು, ಮಲಗಿದ್ದು ಎಲ್ಲ ಆ ಮಗ್ಗಗಳ ನಡುವೆ. ಮಗ್ಗದ ಷೆಡ್ಡಿನೊಳಗೆ ನೀವು ಹೋಗಿದ್ದರೆ ಗೊತ್ತಿರುತ್ತದೆ. ಪಕ್ಕದಲ್ಲಿ ನಿಂತವನು ಕೂಗಿದರೂ ಕೇಳುವುದಿಲ್ಲ. ಅಲ್ಲಿಯವರು ಮಾತಾಡುವುದು ತುಟಿಯಲ್ಲಿ, ಕೈಯಲ್ಲಿ, ಹುಬ್ಬಿನಲ್ಲಿ. ಈ ಕಡೆ ಗೋಡೆಯಿಂದ ಆ ಕಡೆ ಗೋಡೆಗೆ ಮದುವೆ ಮಾತುಕತೆ ಮುಗಿಸಿಬಿಡುತ್ತಾರೆ. ಇವನು ನಡೆಯುವುದಕ್ಕೆ ಮುಂಚೆ ಆ ಭಾಷೆ ಕಲಿತ. ಅದು ಅವನನ್ನು ಮುಂದೆ ಉಳಿಸಿತು ಅನ್ನಲೋ, ಕೊಂದಿತು ಅನ್ನಲೋ ನನಗೆ ಗೊತ್ತಿಲ್ಲ.

ಮಾತಾಡುವಾಗ ಅವನು ನಿಮ್ಮ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದ. ಸ್ಕೂಟರ್ ರಿಪೇರಿಗೆ ಬಂದ ಬ್ಯಾಂಕಿನ ಹೆಣ್ಣುಮಗಳೊಬ್ಬಳು "ಆ ಮನುಷ್ಯನ ದೃಷ್ಟಿ ಸರಿಯಿಲ್ಲ" ಎಂದು ನನ್ನ ಹತ್ತಿರ ದೂರು ಹೇಳಿ ಹೋದಳು. ಮೀಸೆಯವರನ್ನು ಕಂಡರೆ ಅವನಿಗೆ ಆಗುತ್ತಲೇ ಇರಲಿಲ್ಲ. ತುಟಿ ಮುಚ್ಚುವಂಥ ಪೊದೆ ಮೀಸೆಯ ಪೊಲೀಸಪ್ಪ ಒಬ್ಬರು ಜೀಪು ತಂದು ಬ್ರೇಕ್ ನೋಡು ಎಂದರೆ ಇವನು ಗೇರ್‌ಬಾಕ್ಸ್ ಇಳಿಸಿಟ್ಟಿದ್ದ. ಅವರು ಕೂಗಾಡುತ್ತಿದ್ದರೆ ಇವನು ಗಂಭೀರವಾಗಿ, "ಸಾರ್, ಬ್ರೇಕ್ ಆಮೇಲೆ. ಮೊದ್ಲು ಇದು ಹೋಗ್ತಿತ್ತು" ಅಂದ. ನೋಡಿದರೆ ಗೇರ್‌ಬಾಕ್ಸ್ ನಿಜವಾಗಿಯೂ ಕೆಟ್ಟಿತ್ತು! ಊರೆಲ್ಲ ಹಾಡಿ ಹೊಗಳಿತು. ಅದೃಷ್ಟ ಕಣ್ರೀ, ಬರೀ ಅದೃಷ್ಟ.

ಗ್ಯಾರೇಜಿನಲ್ಲಿ ಅವನದೊಂದು ಕಾನೂನಿತ್ತು. ಎಂಜಿನ್ ಓಡುವಾಗ ಯಾರೂ ಮಾತಾಡಕೂಡದು. ಎಂಜಿನ್ ಚಾಲೂ ಆದ ತಕ್ಷಣ ಎಡಗೈ ಎತ್ತಿ ಅಂಗೈ ತೋರಿಸುತ್ತಿದ್ದ, ಅಲ್ಲಿಗೆ ಎಲ್ಲರ ಬಾಯಿ ಬಂದ್. ಒಂದು ಗೇಣುದ್ದದ ಪೆಟ್ರೋಲ್ ಪೈಪ್ ತೆಗೆದು, ಒಂದು ತುದಿಯನ್ನು ಕಾರ್ಬುರೇಟರ್ ಬಾಯಿಗೆ ಹಿಡಿದು ಇನ್ನೊಂದನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಡಾಕ್ಟರ ಮುಂದೆ ನಿಂತ ಹಾಗೆ ಗಾಡಿಯವರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಹಳ್ಳಿಯಿಂದ ಬಂದವನೊಬ್ಬ ಮಧ್ಯೆ ಬಾಯಿ ಹಾಕಿದರೆ ಊರವರೇ ಅವನನ್ನು ಗದರುತ್ತಿದ್ದರು: "ಲೇ, ಸುಮ್ನಿರ್ಲಾ, ಕೇಳ್ಕೋತಾವ್ನೆ!" ನಾನೂ ನಂಬಿದ್ದೆ. ಕೇಳಿಕೊಳ್ಳುತ್ತಿದ್ದದ್ದು ಕಿವಿಯಲ್ಲ, ಎಂಜಿನ್ ಮೇಲೆ ಊರಿದ್ದ ಬಲಗೈ. ಜೀಪು, ವ್ಯಾನು, ಟ್ರ್ಯಾಕ್ಟರುಗಳ ನಡುಕ ಅವನ ಅಂಗೈಗೆ ಬಾಯಿಪಾಠವಾಗಿತ್ತು. ಕೈ ಸಾಲದ ಕಡೆ ಅವನ ಹೆಂಡತಿ ಇದ್ದಳು.

ಆ ಹೆಂಗಸನ್ನು ಬಿಟ್ಟು ಅವನ ಚಿತ್ರ ಬರೆಯಲಾಗದು. ಬೆಳಿಗ್ಗೆ ಅಡುಗೆ ಮುಗಿಸಿ ಹೊಲಿಗೆಯ ಚೀಲ ತಂದು ಗ್ಯಾರೇಜಿನ ಕಂಬಕ್ಕೆ ಒರಗಿ ಕುಳಿತರೆ ಏಳುತ್ತಿದ್ದದ್ದು ಸಂಜೆ. ಪಕ್ಕದಲ್ಲಿ ಒಂದು ಡಬ್ಬಿ, ಡಬ್ಬಿಯ ತುಂಬ ಹಳೇ ನಟ್ಟುಗಳು. ಯಾರಾದರೂ ಅವನ ಬೆನ್ನ ಹಿಂದಿನಿಂದ ಕರೆದರೆ ಒಂದು ನಟ್ಟನ್ನು ಅವನ ಕಾಲಿನ ಕಡೆ ಉರುಳಿಸುತ್ತಿದ್ದಳು. ಅವನು ತಿರುಗುತ್ತಿದ್ದ. ನಾವು ಅದನ್ನು ಗಂಡ ಹೆಂಡಿರ ಸರಸ ಅಂದುಕೊಂಡಿದ್ದೆವು. ಫೋನ್ ಬಂದರೆ ಅವಳೇ ತೆಗೆಯುವಳು: "ಅವ್ರ ಕೈಯೆಲ್ಲಾ ಗ್ರೀಸಾಗೈತೆ, ನಂಗೇ ಹೇಳಿ." ಗಾಡಿ ಟ್ರಯಲ್ ನೋಡಲು ಹೊರಟರೆ ಹಿಂದಿನ ಸೀಟಿನಲ್ಲಿ ಅವಳು ಇರಲೇಬೇಕು. "ನೋಡಯ್ಯಾ, ಈ ವಯಸ್ಸಲ್ಲೂ ಹೆಂಡ್ತೀನ ಬಿಟ್ಟಿರಲ್ಲ" ಎಂದು ಬೀದಿಯವರು ನಗುತ್ತಿದ್ದರು. ಏನಾದರೂ ಸದ್ದು ಬಂದರೆ ಅವಳು ಹಿಂದಿನಿಂದ ಹೆಗಲು ಒತ್ತಿ, ಕನ್ನಡಿಯಲ್ಲಿ ಅವನಿಗೆ ಕಾಣುವಂತೆ ತುಟಿ ಆಡಿಸುತ್ತಿದ್ದಳು. ಕಿಣಿಕಿಣಿ. ಗರಗರ. ಟಪಟಪ. ಎಂಜಿನ್ ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲ, ಆದರೆ ಕೇಳಿದ್ದನ್ನು ಕೇಳಿದ ಹಾಗೆ ಹೇಳುವಳು. ಯಾವ ಸದ್ದಿಗೆ ಏನರ್ಥ ಎಂದು ಅವನಿಗೆ ಗೊತ್ತಿತ್ತು. ಇಬ್ಬರೂ ಸೇರಿ ಒಬ್ಬ ಮೆಕ್ಯಾನಿಕ್.

ನನಗೆ ಇದೆಲ್ಲ ತಿಳಿದದ್ದು ಕೊರೊನಾ ಕಾಲದಲ್ಲಿ. ಎಲ್ಲರ ಬಾಯಿಗೂ ಬಟ್ಟೆ ಬಿತ್ತಲ್ಲ, ಆಗ ಅವನು ದಿಕ್ಕೆಟ್ಟುಹೋದ. ಏನು ಕೇಳಿದರೂ ತಲೆ ಅಲ್ಲಾಡಿಸಿ ನಗುತ್ತಿದ್ದ. ಒಂದು ಬೆಳಿಗ್ಗೆ ನನ್ನ ಷೆಡ್ಡಿಗೆ ಬಂದು ಏನೋ ಬುಷ್ ಬಳೆ ಮಾಡಿಸಬೇಕು ಅಂದ. ಅಳತೆ ಕೇಳಿದೆ, ನಕ್ಕ. ಮತ್ತೆ ಕೇಳಿದೆ, ಮತ್ತೆ ನಕ್ಕ. ಮೂರನೇ ಸಲ ಕೇಳುವಷ್ಟರಲ್ಲಿ ಕೈ ಹಾಕಿ ನನ್ನ ಮಾಸ್ಕನ್ನು ಗದ್ದಕ್ಕೆ ಎಳೆದುಬಿಟ್ಟ. ನಾನು ಸಿಟ್ಟಿನ ಮನುಷ್ಯ. ಬೆನ್ನು ತಿರುಗಿಸಿ, ಬರೆಯಬಾರದ ಒಂದು ಮಾತು ಬೈದೆ. ಅಂಥ ಮಾತಿಗೆ ಅವನು ಸುಮ್ಮನಿರುವ ಜಾತಿಯವನಲ್ಲ. ಸುಮ್ಮನಿದ್ದ. ಇನ್ನೂ ಕೆಟ್ಟದ್ದು ಬೈದೆ. ಅದಕ್ಕೂ ಸುಮ್ಮನಿದ್ದ. ಆಗ ನನಗೆ ಹೊಳೆಯಿತು. ತಿರುಗಿ ಅವನ ಮುಖದ ನೇರಕ್ಕೆ ನಿಂತು, "ಕೇಳ್ಸಲ್ವೇನೋ ನಿಂಗೆ?" ಅಂದೆ. ಅವನು ಬಾಗಿಲ ಕಡೆ ನೋಡಿದ, ಯಾರಾದರೂ ಇದ್ದಾರಾ ಎಂದು.

"ಯಾರ್ಗೂ ಹೇಳ್ಬೇಡ ಕಣೋ. ಕಾಲಿಗ್ ಬೇಕಾದ್ರೂ ಬೀಳ್ತೀನಿ."

"ಮುಚ್ಚೋ ಬಾಯಿ. ಮಷಿನ್ ಹಾಕ್ಕೋ, ಎಲ್ರೂ ಹಾಕ್ಕೊಳಲ್ವಾ?"

ಅದೂ ಆಗಿತ್ತಂತೆ. ಹೆಂಡತಿ ಬೆಂಗಳೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಮಷಿನ್ ಕೊಡಿಸಿದ್ದಳು. ಗ್ಯಾರೇಜಿನಲ್ಲಿ ಹಾಕಿಕೊಂಡರೆ ಸುತ್ತೆಂಟು ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ತಲೆಯೊಳಗೆ ನುಗ್ಗಿದವಂತೆ. ಯಾವುದು ಎಂಜಿನ್ ಸದ್ದು, ಯಾವುದು ಮಗ್ಗದ ಸದ್ದು ಒಂದೂ ತಿಳಿಯದೆ ಕಿತ್ತಿಟ್ಟ. "ತಿಳಿದ್ರೂ ಅಷ್ಟೇ ಬಿಡು" ಅಂದ. "ನನ್ ಕಿವೀಲಿ ಅದನ್ನ ನೋಡಿದ್ಮೇಲೆ ಯಾವನ್ ತರ್ತಾನೋ ಗಾಡೀನ?" ಯಾರೂ ತರುತ್ತಿರಲಿಲ್ಲ, ನಿಜ.

ಹಾಗೆ ನೋಡಿದರೆ ಗಾಡಿಗಳು ಬರುವುದೇ ನಿಂತುಹೋಗುತ್ತಿತ್ತು. ಈಗಿನ ಕಾರುಗಳಿಗೆ ಕಾರ್ಬುರೇಟರ್ ಇಲ್ಲ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಉಣಿಸುವ ಆ ಪಾತ್ರೆಯ ಕೆಲಸವನ್ನು ಈಗ ಕಂಪ್ಯೂಟರೇ ಮಾಡುತ್ತದೆ. ದೋಷ ಏನೆಂದು ತಂತಿ ಚುಚ್ಚಿದರೆ ಪರದೆಯ ಮೇಲೆ ಬರುತ್ತದೆ. ಅವನಿಗೆ ಉಳಿದದ್ದು ಹಳೇ ಜೀಪುಗಳು, ಅವೂ ಒಂದೊಂದಾಗಿ ಗುಜರಿಗೆ ಹೋದವು. ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಖಾಲಿ ಗ್ಯಾರೇಜಿನಲ್ಲಿ ಕೂತಿರುತ್ತಿದ್ದರು, ಅವಳು ಹೊಲಿಯುತ್ತಾ, ಅವನು ಸ್ಪ್ಯಾನರ್ ಒರೆಸುತ್ತಾ. ಇನ್ನು ಉಳಿದ ದಾರಿ ಒಂದೇ: ಶೋಕಿಗೆ ಹಳೇ ಕಾರು ಸಾಕುವ ದೊಡ್ಡವರು. ಅವರಿಗೆ ಬೇಕಾಗಿದ್ದು ಕಂಪ್ಯೂಟರ್ ಅಲ್ಲ, ಕಿವಿ. ಆ ಕಿವಿ ಇವನಿಗಿದೆ ಎಂದು ಹೆಸರಾಗಿತ್ತು.

ಅಂಥವರೊಬ್ಬರು ಬಂದರು. ಕುಂದಾಣದ ಹತ್ತಿರ ತೋಟ ಮಾಡಿಕೊಂಡಿದ್ದ, ನಿವೃತ್ತರಾದ ಸಾಹೇಬರು, ಒಳ್ಳೆಯ ಮನುಷ್ಯ. ಲಾರಿಯ ಮೇಲೆ ಹೇರಿಕೊಂಡು ತಂದದ್ದು ಅವರ ತಂದೆಯ ಕಾಲದ ವಿಲಾಯಿತಿ ಕಾರು. ಹಸಿರು ಬಣ್ಣ, ಮೇಲೆ ಚಾವಣಿ ಇಲ್ಲ, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಹಾಗೆ ಕೂರುವ ಓಟದ ಕಾರು. ಬೀದಿಯ ಮಗ್ಗದವರೆಲ್ಲ ಕೆಲಸ ಬಿಟ್ಟು ನೋಡಲು ಬಂದರು. ಅದಕ್ಕೆ ಜೋಡಿ ಕಾರ್ಬುರೇಟರ್, ಎರಡೂ ಸವೆದು ಸಂದುಗಳಲ್ಲಿ ಗಾಳಿ ಎಳೆಯುತ್ತಿದ್ದವು. ಹೊಸದನ್ನು ಹೊರದೇಶದಿಂದ ತರಿಸಬೇಕು, ಅದು ಬರುವುದು ಯಾವ ಕಾಲಕ್ಕೋ. ಸಾಹೇಬರಿಗೆ ತಿಂಗಳೊಪ್ಪತ್ತಿನಲ್ಲಿ ದೇವನಹಳ್ಳಿಯಲ್ಲಿ ಹಳೇ ಕಾರುಗಳೆಲ್ಲ ಸೇರುವ ಒಂದು ಭಾನುವಾರಕ್ಕೆ ಕಾರು ಓಡಬೇಕಿತ್ತು.

ಅವನು ಎರಡೂ ಕಾರ್ಬುರೇಟರುಗಳನ್ನು ಬೆರಳಲ್ಲಿ ಅಲ್ಲಾಡಿಸಿ, "ಇವ್ನ ಕಿತ್ತಾಕಿ ಜೀಪಿಂದು ಒಂದು ಕೂರುಸ್ತೀನಿ ಸಾರ್" ಅಂದ.

"ಜೀಪಿಂದಾ? ಬೇರೆ ಕಂಪನೀದು ಇದಕ್ಕೆ ಕೂರುತ್ತೇನ್ರೀ?"

"ಅದಾಗ್ ಅದೇ ಕೂರಲ್ಲ. ಕೂರ್ಸೋದು ನಮ್ ಕೆಲ್ಸ."

ಈ ಕಡೆಯ ಮೆಕ್ಯಾನಿಕ್ಕುಗಳು ಹಾಗೇ ಬದುಕಿದವರು. ಇದ್ದದ್ದನ್ನು ಇಲ್ಲದ್ದಕ್ಕೆ ಹೊಂದಿಸುವುದೇ ವಿದ್ಯೆ. ಟ್ರ್ಯಾಕ್ಟರಿನ ಬೇರಿಂಗು ಮಗ್ಗಕ್ಕೆ, ಮಗ್ಗದ ಬೆಲ್ಟು ಪಂಪ್‌ಸೆಟ್ಟಿಗೆ. ನಾನೂ ಉತ್ಸಾಹದಿಂದಲೇ ಕೈ ಹಾಕಿದೆ. ಆದರೆ ಈ ಕೆಲಸ ಸಲೀಸಾಗಿರಲಿಲ್ಲ. ಜೀಪಿನ ಕಾರ್ಬುರೇಟರ್ ಎದ್ದು ನಿಲ್ಲುವ ಜಾತಿ, ಈ ಕಾರಿನದು ಪಕ್ಕಕ್ಕೆ ಮಲಗುವ ಜಾತಿ. ಎರಡು ಬಾಯಿಗಳನ್ನು ಒಂದಕ್ಕೆ ಕೂಡಿಸುವ ಕವಲು ಪೈಪು ಮಾಡಿದೆ, ಮೇಲೊಂದು ಅಲ್ಯೂಮಿನಿಯಂ ಪ್ಲೇಟು ಕಡೆದು ಹೊಸ ತೂತು ಕೊರೆದೆ. ಕೂರಿಸಿದರೆ ಬಾನೆಟ್ ಮುಚ್ಚಲಿಲ್ಲ. ಕಿತ್ತು ಪೈಪನ್ನು ತಗ್ಗಿಸಿದೆ. ಆಗಲೂ ಮುಚ್ಚಲಿಲ್ಲ. ಕೊನೆಗೆ ಏರ್ ಫಿಲ್ಟರನ್ನು ದೋಸೆಯ ಹಾಗೆ ಚಪ್ಪಟೆ ಮಾಡಿದ ಮೇಲೆ ಬಾನೆಟ್ ಕೂತಿತು. ಆಕ್ಸಿಲರೇಟರಿಗೆ ಅವನು ಸ್ಕೂಟರಿನ ಬ್ರೇಕ್ ತಂತಿ ಎಳೆದ. ಅವನನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ. ಊಟಕ್ಕೆ ಕೂತಾಗಲೂ ಮುದ್ದೆ ಮುರಿಯುತ್ತಾ ಆ ಕಾರಿನ ಕಡೆಯೇ ನೋಡುತ್ತಿದ್ದ.

ಎಂಜಿನ್ ಚಾಲೂ ಆಯಿತು. ಕೈ ಎತ್ತಿದ, ಎಲ್ಲರೂ ಬಾಯಿ ಮುಚ್ಚಿದರು. ಪೈಪು ಕಿವಿಗೆ, ಅಂಗೈ ಎಂಜಿನ್ ಮೇಲೆ. ಆದರೆ ಈ ಎಂಜಿನ್ನಿನ ನಡುಕ ಅವನ ಅಂಗೈಗೆ ಹೊಸದು. ಕಣ್ಣು ಮುಚ್ಚಿದ್ದವನು ಒಂದು ಸಲ ಕಣ್ಣು ಬಿಟ್ಟು ಹೆಂಡತಿಯ ಕಡೆ ನೋಡಿದ. ಅವಳು ತುಟಿ ಅಲ್ಲಾಡಿಸದೆ ತಲೆಯಾಡಿಸಿದಳು, ಚೆನ್ನಾಗಿದೆ ಎಂದು. ನಿಂತಲ್ಲಿ ಓಡುವಾಗ ಚೆನ್ನಾಗಿಯೇ ಇತ್ತು. ಊರೊಳಗೆ ಒಂದು ಸುತ್ತು ಹಾಕಿ ಬಂದು ಪ್ಲಗ್ ಬಿಚ್ಚಿ ನೋಡಿದ, ಪೆಟ್ರೋಲು ಸರಿಯಾಗಿ ಉರಿದ ಬಣ್ಣವೇ ಇತ್ತು. ಜೀಪಿನ ಎಂಜಿನ್ ಸೋಮಾರಿ, ಅದಕ್ಕೆ ಅಳೆದ ಪೆಟ್ರೋಲು ಈ ಓಟದ ಎಂಜಿನ್ನಿಗೆ ಏರು ಹತ್ತುವಾಗ, ಪೂರ್ತಿ ತುಳಿದಾಗ ಸಾಲದೆ ಹೋಗಬಹುದು. ಸಾಲದೆ ಹೋದರೆ ಒಳಗೆ ಕಾಯುತ್ತದೆ, ಕಾದರೆ ಸಣ್ಣಗೆ ಕಿಣಿಕಿಣಿ ಅನ್ನುತ್ತದೆ. ಅದನ್ನು ಕೇಳಿದ ಕೂಡಲೇ ಕಾಲು ತೆಗೆಯಬೇಕು. ಇದು ಅವನಿಗೆ ಗೊತ್ತಿರಲಿಲ್ಲವೇ? ನನಗೇ ಹೇಳಿಕೊಟ್ಟವನು ಅವನು. "ಘಾಟಿ ಏರಲ್ಲಿ ತುಳುದ್ ನೋಡಣ, ಕಿಣಿಕಿಣಿ ಅಂದ್ರೆ ಪೆಟ್ರೋಲ್ ಬರೋ ಜೆಟ್ ತೂತು ಒಂಚೂರು ದೊಡ್ಡದ್ ಮಾಡ್ಕೊಡು" ಎಂದು ಹೇಳಿಯೇ ಹೊರಟದ್ದು.

ಹೊರಡುವಾಗ ಅವನ ಹೆಂಡತಿ ಹೊಲಿಗೆ ಪಕ್ಕಕ್ಕಿಟ್ಟು ಎದ್ದಳು. "ಸಾರ್, ಮೊದ್ಲು ನಾವಿಬ್ರೂ ಒಂದು ರೌಂಡ್ ಹೋಗ್ಬರ್ತೀವಿ."

ಸಾಹೇಬರು ಜೋರಾಗಿ ನಕ್ಕರು. "ಅಮ್ಮಾ, ನಮ್ಮಪ್ಪ ಹೋದ್ಮೇಲೆ ಇದು ಓಡ್ತಿರೋದು ಇವತ್ತೇ. ಮೊದಲ್ನೇ ಸಲ ನಾನು ಕೂರ್ಬೇಡ್ವಾ? ವಾಪಸ್ ಬಂದ್ಮೇಲೆ ನಿಮ್ಮನ್ನ ನಾನೇ ಕರ್ಕೊಂಡೋಗ್ತೀನಿ."

ಅವಳು ಗಂಡನ ಮುಖ ನೋಡಿದಳು. ಎರಡೇ ಸೀಟು. ಏನು ಹೇಳಲಾಗುತ್ತದೆ? ಅವನು ಪರವಾಗಿಲ್ಲ ಎಂದು ಕಣ್ಣಲ್ಲೇ ಹೇಳಿ ಸ್ಟೀರಿಂಗ್ ಹಿಡಿದ. ಅವಳು ಮತ್ತೆ ಹೊಲಿಗೆ ಮುಟ್ಟಲಿಲ್ಲ. ಅವರು ಬರುವವರೆಗೂ ಬಾಗಿಲಲ್ಲೇ ನಿಂತಿದ್ದಳು.

ಘಾಟಿ ರಸ್ತೆಯ ಏರಿನಲ್ಲಿ ಅವನು ಪೂರ್ತಿ ತುಳಿದ. ಎಂಜಿನ್ ಕಿಣಿಕಿಣಿ ಅಂದಿತು. ಸಾಹೇಬರಿಗೆ ಕೇಳಿಸಿತು, ಆದರೆ ಅದೇನೆಂದು ಅವರಿಗೆ ಗೊತ್ತಿಲ್ಲ. "ಇದೇನ್ರೀ ಗೆಜ್ಜೆ ಸದ್ದು ಥರ?" ಎಂದು ಕೇಳಿದರಂತೆ. ಅವನ ಕಣ್ಣು ರಸ್ತೆಯ ಮೇಲಿತ್ತು, ಅವರ ತುಟಿ ಕಾಣಲಿಲ್ಲ. ಉತ್ತರ ಬರಲಿಲ್ಲ. ಎಂಜಿನ್ ಓಡುವಾಗ ಮಾತಾಡಬಾರದು ಎಂಬ ಅವನ ಕಾನೂನು ಸಾಹೇಬರಿಗೆ ನೆನಪಾಯಿತು. ಛೆ, ಕೇಳಿಕೊಳ್ಳುತ್ತಿದ್ದಾನೆ, ನಾನು ಅಡ್ಡ ಬಾಯಿ ಹಾಕಿದೆನಲ್ಲ ಎಂದು ನಾಚಿ ಸುಮ್ಮನಾದರಂತೆ. ಅಂಥವನೇ ಏನೂ ಅನ್ನದೆ ಓಡಿಸುತ್ತಿದ್ದಾನೆ ಎಂದರೆ ಹಳೇ ಕಾರಿನ ಸದ್ದೇ ಹೀಗಿರಬೇಕು ಅಂದುಕೊಂಡರು. ಕಿವುಡು ಮುಚ್ಚಲು ಅವನು ಮಾಡಿದ ಕಾನೂನು ಆವತ್ತು ಅವನನ್ನೇ ಹಿಡಿದು ಹಾಕಿತು.

ಇಬ್ಬರೂ ನಗುತ್ತಾ ವಾಪಸ್ಸು ಬಂದರು. ಸಾಹೇಬರು ಮಾತಿಗೆ ತಪ್ಪದೆ ಅವನ ಹೆಂಡತಿಯನ್ನು ಕೂರಿಸಿಕೊಂಡು ಪೇಟೆಯಲ್ಲಿ ಮೆಲ್ಲಗೆ ಒಂದು ಸುತ್ತು ಬಂದರು. ಸೆರಗು ಹಾರದಂತೆ ಹಿಡಿದು ಕೂತು ಅವಳು ಕಿವಿಗೊಟ್ಟು ಕೇಳಿದಳು. ನಿಧಾನವಾಗಿ ಹೋಗುವಾಗ ಕೇಳುವುದಕ್ಕೆ ಏನೂ ಇರಲಿಲ್ಲ. ಇಳಿದು ಬಂದು ಗಂಡನಿಗೆ ತಲೆಯಾಡಿಸಿದಳು. "ನನ್ ಫ್ರೆಂಡ್ಸ್ ಹತ್ರ ಇಂಥ ಕಾರು ಐದಾರಿವೆ, ಎಲ್ಲಾ ನಿಮ್ಮ ಹತ್ರಾನೇ" ಎಂದು ಹೇಳಿ ಸಾಹೇಬರು ಹೋದ ಮೇಲೆ ಅವನು ನನ್ನ ಎರಡೂ ಭುಜ ಹಿಡಿದು, "ಬದುಕ್ಬಿಟ್ವಿ ಕಣೋ! ಇನ್ನೊಂದ್ ಹತ್ತು ವರ್ಷ ಬದುಕ್ಬಿಟ್ವಿ" ಎಂದು ಅಲ್ಲಾಡಿಸಿದ. ಹೊಟ್ಟೆ ತುಂಬ ಸಂತೋಷ ಅನ್ನುತ್ತಾರಲ್ಲ, ಅದನ್ನು ನಾನು ಅವನ ಮುಖದಲ್ಲಿ ಕಂಡದ್ದು ಅದೊಂದೇ ಸಲ.

ಭಾನುವಾರ ಕಳೆದು ಸೋಮವಾರ ಬೆಳಿಗ್ಗೆ ಕಾರು ಮತ್ತೆ ಲಾರಿಯ ಮೇಲೆ ಬಂತು. ದೇವನಹಳ್ಳಿಯಿಂದ ನಂದಿಯ ಕಡೆ ಹೋಗುವಾಗ ಹೆದ್ದಾರಿಯಲ್ಲಿ ಹೊಗೆ ಕಕ್ಕಿ ನಿಂತಿತ್ತಂತೆ. ಸಾಹೇಬರ ಜೊತೆ ಇಬ್ಬರು ಸ್ನೇಹಿತರೂ ಬಂದಿದ್ದರು. ಬೀದಿಯವರು ಸೇರಿದರು. ಅವನು ಮಾತಿಲ್ಲದೆ ಎಂಜಿನ್ನಿನ ತಲೆ ಬಿಚ್ಚಿದ. ಪಿಸ್ಟನ್ ಕರಗಿ ತೂತಾಗಿತ್ತು. ಒಳಗೋಡೆಯೆಲ್ಲ ಗೀರಿ ಹಾಳಾಗಿತ್ತು. ಆ ಕಾಲದ ಎಂಜಿನ್ ಬ್ಲಾಕು, ಇನ್ನೊಂದು ಸಿಗುವುದಿಲ್ಲ.

ಸಾಹೇಬರು ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಅವನ ಎದುರಿಗೆ ಬಂದು ಮೆಲ್ಲಗೆ, "ಘಾಟಿ ಏರಲ್ಲಿ ಗೆಜ್ಜೆ ಸದ್ದು ಬಂತಲ್ಲ, ಅದೇ ಸದ್ದು ಕಣ್ರೀ, ನಿಲ್ಲೋವರ್ಗೂ ಬರ್ತಾನೇ ಇತ್ತು. ಅವತ್ತು ನಾನು ಕೇಳಿದ್ನಲ್ಲ ನಿಮ್ಮನ್ನ. ನೀವೇನೂ ಅನ್ಲಿಲ್ಲ" ಅಂದರು.

ಅವನು ಅವರ ತುಟಿಯನ್ನೇ ನೋಡುತ್ತಿದ್ದ. ಗೆಜ್ಜೆ ಎನ್ನುವ ಮಾತು ಅವನಿಗೆ ತಿಳಿದ ಗಳಿಗೆ ನನಗೆ ಗೊತ್ತಾಯಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ. ಸ್ನೇಹಿತರಲ್ಲೊಬ್ಬರು, "ಮೆಕ್ಯಾನಿಕ್‌ಗೆ ಕೇಳ್ಸಿಲ್ವಂತಾ ಅದು? ಏನ್ ಕಿವುಡ್ರಾ?" ಎಂದು ಸಿಡುಕಿದರು. ಅವನ ಹೆಂಡತಿ ಕಂಬ ಹಿಡಿದುಕೊಂಡಳು. ಇನ್ನು ಸಾಕು, ನಾನೇ ಹೇಳಿಬಿಡುತ್ತೇನೆ, ಇದು ಮೋಸವಲ್ಲ, ಇದು ಹೀಗೆ ಎಂದು ನಾನು ಬಾಯಿ ತೆರೆದೆ. ಅವನು ನನ್ನ ಬಾಯಿ ತೆರೆದದ್ದನ್ನು ನೋಡಿದ.

"ಕೇಳಿಸ್ತು ಸಾರ್" ಅಂದ, ಗಟ್ಟಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ. "ಕೇಳಿಸ್ಕೊಂಡೂ ಹಂಗೇ ಬಿಟ್ಟೆ. ಭಾನುವಾರ ಒಂದಿನ ಓಡುದ್ರೆ ಸಾಕು, ಆಮೇಲ್ ನೋಡ್ಕೊಳಣ ಅಂತ."

ಸಾಹೇಬರು ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಾರನ್ನು ಲಾರಿಗೆ ಹತ್ತಿಸಲು ಹೇಳಿದರು.

ಎಲ್ಲರೂ ಹೋದ ಮೇಲೆ ನಾನು ಅವನ ಕೊರಳ ಪಟ್ಟಿ ಹಿಡಿದೆ. "ಯಾಕೋ? ಯಾಕೋ ಹಂಗಂದೆ, ಹುಚ್ಚು ನನ್ಮಗನೆ? ಕಳ್ಳ ಅಂತ ನೀನೇ ಬಾಯ್ಬಿಟ್ಟು ಹೇಳ್ಕೊಂಡ್ಯಲ್ಲೋ!"

ಅವನು ಅಳಲಿಲ್ಲ. ಒಂದೊಂದೇ ಸ್ಪ್ಯಾನರ್ ಎತ್ತಿ ಗೂಟಕ್ಕೆ ಹಾಕುತ್ತಾ ಹೇಳಿದ: "ಕಿವಿ ಇಲ್ಲ ಅಂದ್ರೆ, ಇದುವರ್ಗೂ ಮಾಡಿದ್ದೆಲ್ಲಾ ನಾಟಕ ಅಂತಾರೆ ಕಣೋ. ನಾನ್ ಮುಟ್ಟಿದ್ ಒಂದ್ ಗಾಡೀನೂ ಬಿಡಲ್ಲ. ಕಳ್ಳ ಅಂದ್ರೆ ಹೆಸರ್ ಕೆಡೋದು ಇದೊಂದೇ ಗಾಡೀದು."

ಇವತ್ತಿಗೂ ಆ ಲೆಕ್ಕ ತಪ್ಪು ಎಂದು ನನ್ನ ಮನಸ್ಸು ಕೂಗುತ್ತದೆ. ಆದರೆ ತಪ್ಪೆಂದು ತೋರಿಸಲು ನನ್ನ ಕೈಲಿ ಆಗುವುದಿಲ್ಲ.

ಮಾತು ಹಬ್ಬಲು ಎಷ್ಟು ಹೊತ್ತು? ಗೊತ್ತಿದ್ದೂ ಕಾರು ಸುಟ್ಟ ಎನ್ನುವುದು ದೇವನಹಳ್ಳಿ ಪಕ್ಕದ ವಿಜಯಪುರ, ಹೊಸಕೋಟೆಯವರೆಗೂ ಹೋಯಿತು. ಐದಾರು ಹಳೇ ಕಾರುಗಳು ಬರಲಿಲ್ಲ. ಉಳಿದಿದ್ದ ಎರಡು ಜೀಪೂ ಬೇರೆ ಕಡೆ ಹೋದವು. ಆದರೂ ಅವನು ದಿನಾ ಶಟರ್ ಎತ್ತುತ್ತಿದ್ದ, ಅವಳು ಬಂದು ಕಂಬಕ್ಕೆ ಒರಗುತ್ತಿದ್ದಳು. ಕಾಫಿಗೆ ಕರೆದರೆ ಬರುತ್ತಿರಲಿಲ್ಲ. ಕಾಫಿ ಅಂಗಡಿಯವನು ಬೆನ್ನ ಹಿಂದೆ ಏನಾದರೂ ಅಂದರೆ ಕೇಳಿಸುವುದಿಲ್ಲ, ಮುಂದೆ ಅಂದರೆ ತುಟಿ ಕಾಣುತ್ತದೆ ಎಂಬ ಭಯ ಇರಬೇಕು. ಎಲ್ಲರ ಬಾಯಿ ನೋಡಿಯೇ ಬದುಕಿದವನು ಈಗ ಯಾರ ಬಾಯಿಯನ್ನೂ ನೋಡದೆ ನೆಲ ನೋಡತೊಡಗಿದ. ನನ್ನ ಜೊತೆಗೂ ಮಾತು ನಿಂತಿತು. ನೆಲ ನೋಡುವವನಿಗೆ ನಾನು ಹೇಗೆ ಹೇಳಲಿ? ಹೊಟ್ಟೆಯಲ್ಲಿ ಏನೋ ಬೆಳೆದಿದೆ ಎಂದು ಗೊತ್ತಾಗುವ ಹೊತ್ತಿಗೆ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದರು. ಆ ಚಳಿಗಾಲ ದಾಟಲಿಲ್ಲ.

ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಸಾಹೇಬರು ಮನೆಗೆ ಬಂದರು. ನಾನೂ ಅಲ್ಲೇ ಇದ್ದೆ. ಚಾಪೆಯ ಮೇಲೆ ಕೂತರು. ಕಾರಿನ ಮಾತು ಎತ್ತಬಹುದು ಎಂದು ನಾನು ಕಾದೆ, ಎತ್ತಲಿಲ್ಲ. ಕೊನೆಗೆ ಅವನ ಹೆಂಡತಿಯ ಕಡೆ ತಿರುಗಿ ಕೇಳಿದರು:

"ಅಮ್ಮಾ, ತಪ್ಪು ತಿಳ್ಕೋಬೇಡಿ. ಅವತ್ತಿಂದ ಒಂದು ವಿಷಯ ತಲೇಲಿ ಕೊರೀತಿದೆ. ಅವ್ರು ಕೆಲ್ಸ ಮಾಡೋದನ್ನ ನಾನು ನೋಡಿದೀನಿ. ಗೊತ್ತಿದ್ದೂ ಬಿಡೋ ಮನುಷ್ಯ ಅಲ್ಲ ಅಂತ ನನ್ ಮನಸ್ಸು ಹೇಳುತ್ತೆ. ಬೇರೆ ಏನೋ ಇತ್ತು. ಹೇಳಿ ಅಮ್ಮಾ, ಅವತ್ತು ಅವ್ರಿಗೆ ನಿಜವಾಗ್ಲೂ ಕೇಳಿಸಿತ್ತಾ?"

ದೇವರೇ ಬಾಗಿಲಿಗೆ ಬಂದು ಕೇಳಿದ ಹಾಗಿತ್ತು. ಒಂದು ಮಾತು. ಇಲ್ಲ ಅಂದರೆ ಸಾಕು, ಅವನ ಮೇಲಿದ್ದ ಕಳಂಕ ಅಲ್ಲೇ ತೊಳೆದುಹೋಗುತ್ತದೆ. ಹೇಳಮ್ಮಾ, ಹೇಳು, ಇನ್ನು ಯಾರ ಗಾಡಿ ಹೋಗಬೇಕಾಗಿದೆ, ಹೇಳಿಬಿಡು ಎಂದು ನಾನು ಅವಳನ್ನೇ ನೋಡುತ್ತಾ ಕೂತೆ.

ಅವಳು ಸೆರಗು ಸರಿ ಮಾಡಿಕೊಂಡಳು. ಸಾಹೇಬರ ಮುಖವನ್ನು ನೇರವಾಗಿ ನೋಡಿದಳು.

"ಕೇಳಿಸಿತ್ತು ಸಾರ್" ಅಂದಳು. "ನಮ್ಮನೆಯವ್ರಿಗೆ ಎಲ್ಲಾ ಕೇಳಿಸ್ತಿತ್ತು."

ಸಾಹೇಬರು ಎದ್ದರು. ಅವಳು ಬಾಗಿಲವರೆಗೂ ಹೋಗಿ ಕೈ ಮುಗಿದಳು. ಅವರು ತಿರುಗಿ ಕೈ ಮುಗಿಯಲಿಲ್ಲ.